ತುಕ್ಕಿಗೆ ಸಿಟ್ರಿಕ್ ಆ್ಯಸಿಡ್ ಪುಡಿ: ಬಿಡಿಸುವುದು ಸುಲಭ, ಒಣಗಿಸುವುದೇ ಕೆಲಸ

ನಮ್ಮದು ಮಂಗಳೂರು, ಕಾರು ಪ್ರೀಮಿಯರ್ ಪದ್ಮಿನಿ. 2001ಕ್ಕೇ ತಯಾರಿಕೆ ನಿಂತ ಕಾರು. ಗುಜರಿಯಲ್ಲಿ ಬಿಡಿಭಾಗ ಸಿಕ್ಕಿದರೂ ತುಕ್ಕು ಹಿಡಿದದ್ದೇ ಜಾಸ್ತಿ. ಗ್ಯಾರೇಜಿನಲ್ಲಿ ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಉಜ್ಜಿಕೊಡುತ್ತಾರೆ. ಮೇಲೆ ಹೊಳಪು ಬರುತ್ತದೆ, ಆದರೆ ಸಂದಿಗಳಲ್ಲಿ, ಥ್ರೆಡ್ಡಿನೊಳಗೆ ತುಕ್ಕು ಹಾಗೇ ಕೂತಿರುತ್ತದೆ. ಅದಕ್ಕೇ ಕೆಲವು ವರ್ಷಗಳಿಂದ ಸಿಟ್ರಿಕ್ ಆ್ಯಸಿಡ್ ಪುಡಿಯನ್ನೇ ಬಳಸುತ್ತಿದ್ದೇನೆ.

ಇದು ರಾತ್ರಿ ಊಟ ಆದ ಮೇಲಿನ ಕೆಲಸ. ಭಾಗವನ್ನು ಮೊದಲೇ ಡೀಸೆಲ್‌ನಲ್ಲಿ, ಆಮೇಲೆ ಸೋಪು ನೀರಿನಲ್ಲಿ ತೊಳೆದಿಟ್ಟಿರುತ್ತೇನೆ. ಗ್ರೀಸ್ ಉಳಿದರೆ ಆ್ಯಸಿಡ್ ತುಕ್ಕಿನವರೆಗೆ ಇಳಿಯುವುದಿಲ್ಲ. ಬಚ್ಚಲಿನ ಹಂಡೆಯಿಂದ 10 ಲೀಟರ್ ಬಿಸಿನೀರು ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ, ಅರ್ಧ ಕಿಲೋ ಪುಡಿ ಕಲಕಿ, ಭಾಗವನ್ನು ಮುಳುಗಿಸುತ್ತೇನೆ. ಸ್ವಲ್ಪ ಹೊತ್ತಿಗೇ ಸಣ್ಣ ಸಣ್ಣ ಗುಳ್ಳೆ ಏಳಲು ಶುರು. ಅದು ಹೈಡ್ರೋಜನ್, ಹಾಗಾಗಿ ಬಕೆಟ್ ಹೊರಗೆ ಜಗಲಿಯಲ್ಲೇ ಇರಲಿ. ಬೆಳಿಗ್ಗೆ ನೀರು ಹಳದಿ-ಹಸಿರು. ಭಾಗದ ಮೇಲೆ ಕಪ್ಪು ಲೋಳೆ. ತೆಂಗಿನ ನಾರಿನಲ್ಲಿ ತಿಕ್ಕಿದರೆ ಸಾಕು, ಬೂದು ಬಣ್ಣದ ಕಬ್ಬಿಣ ಕಾಣುತ್ತದೆ. ಸುತ್ತಿಗೆ ಏಟಿಗೂ ಜಗ್ಗದ ಬಾಗಿಲಿನ ಹಿಂಜ್ ಪಿನ್ ಬೆರಳಲ್ಲೇ ತಿರುಗಿದಾಗ ಆಗುವ ಖುಷಿಯೇ ಬೇರೆ!

ಆದರೆ ಖುಷಿ ಅಲ್ಲಿಗೇ ನಿಲ್ಲುತ್ತದೆ. ತೊಳೆದು ಪಕ್ಕಕ್ಕಿಟ್ಟು ಟವೆಲ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಭಾಗದ ಮೇಲೆ ಕೇಸರಿ ಬಣ್ಣ ಮೂಡಿರುತ್ತದೆ! ಬೆತ್ತಲೆ ಕಬ್ಬಿಣ, ಒದ್ದೆ, ಮೇಲಿಂದ ನಮ್ಮ ಕಡಲ ಗಾಳಿ. ಜುಲೈ ತಿಂಗಳಲ್ಲಂತೂ ಸಿಟ್ಟೇ ಬರುತ್ತದೆ. ಪ್ಯಾಕೆಟ್ ಮೇಲೆ ಇದರ ಬಗ್ಗೆ ಒಂದಕ್ಷರ ಇಲ್ಲ. ರಾತ್ರಿಯಿಡೀ ಕಾದದ್ದೆಲ್ಲ ಸುಮ್ನೆ ಹಾಳಾದರೆ ಯಾರಿಗೆ ಬೇಸರ ಆಗಲ್ಲ ಹೇಳಿ?

ಇದಕ್ಕೆ ನನಗೆ ಒಗ್ಗಿದ ದಾರಿ ಹೀಗಿದೆ. ತಿಕ್ಕಿದ ಕೂಡಲೇ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದುವುದು, ಉಳಿದ ಆ್ಯಸಿಡ್ ಸಾಯಲಿ ಅಂತ. ಆಮೇಲೆ ಕುದಿಯುವ ನೀರು ಸುರಿಯುವುದು. ಲೋಹ ಚೆನ್ನಾಗಿ ಕಾದಿರುತ್ತದೆ, ನೀರು ತಾನಾಗಿ ಆರಿಹೋಗುತ್ತದೆ. ಬಿಸಿ ಇಳಿದ ತಕ್ಷಣ ಪ್ರೈಮರ್. ಜಾರುವ ಭಾಗಕ್ಕಾದರೆ ಎಣ್ಣೆ. ದೊಡ್ಡ ಬ್ರಾಕೆಟ್‌ಗಳನ್ನು ನಾನು ಜನವರಿಗೇ ಇಟ್ಟುಕೊಳ್ಳುತ್ತೇನೆ.

ಅಂಗಡಿಯಲ್ಲಿ ಸಿಗುವ ಫಾಸ್ಫರಿಕ್ ಆ್ಯಸಿಡ್ ದ್ರಾವಣ ಕಬ್ಬಿಣದ ಮೇಲೆ ಫಾಸ್ಫೇಟ್ ಪದರ ಬಿಡುತ್ತದೆ. ಪೇಂಟ್ ಹಿಡಿಯಲು ಅದು ಒಳ್ಳೆಯದೇ. ಆದರೆ ಬಕೆಟ್ ತುಂಬುವಷ್ಟು ಕೊಳ್ಳಲು ನನ್ನ ಜೇಬು ಒಪ್ಪುವುದಿಲ್ಲ. ತಿಂಗಳಿಗೆ ನಾಲ್ಕಾರು ಭಾಗದ ತುಕ್ಕು ಬಿಡಿಸುವ ನನ್ನಂಥವರಿಗೆ ಪುಡಿಯೇ ಸರಿ, ಐದಕ್ಕೆ ನಾಲ್ಕು ಕೊಡುತ್ತೇನೆ.

ಕಾರ್ಬ್ಯುರೇಟರ್, ಅಲ್ಯೂಮಿನಿಯಂ, ಸತುವಿನ ಲೇಪ ಇರುವ ಭಾಗಗಳನ್ನು ಇದರಲ್ಲಿ ಹಾಕಲೇಬೇಡಿ, ಆ್ಯಸಿಡ್ ಅವನ್ನೂ ತಿನ್ನುತ್ತದೆ. ಸ್ಪ್ರಿಂಗ್, ಹೈಟೆನ್ಸೈಲ್ (ಹೆಚ್ಚು ಎಳೆತ ತಾಳುವ) ಬೋಲ್ಟ್ ಕೂಡ ಬೇಡ. ಗಟ್ಟಿ ಉಕ್ಕು ಹೈಡ್ರೋಜನ್ ಹೀರಿಕೊಂಡು ಪೆಡಸಾಗಿ, ಭಾರ ಬಿದ್ದಾಗ ಮುರಿಯಬಹುದು. ಅವಕ್ಕೆ ಕೈಯಲ್ಲಿ ವೈರ್ ಬ್ರಷ್ ಹಿಡಿಯುವುದೇ ಮೇಲು.