ಆಮವಾತಕ್ಕೆ ಗಿಡಮೂಲಿಕೆ ‘ಸಂಶೋಧನೆ’: ದುಡ್ಡು ಕೇಳಿದರೆ ಎದ್ದು ಬನ್ನಿ

ನಮ್ಮ ಅತ್ತಿಗೆಗೆ ಆಮವಾತ (ರುಮಟಾಯ್ಡ್ ಆರ್ಥ್ರೈಟಿಸ್), ಅಂದರೆ ಕೀಲುಗಳು ಊದಿ ನೋಯುವ ಕಾಯಿಲೆ. ಆಸ್ಪತ್ರೆಯಲ್ಲಿ ಬರೆದುಕೊಟ್ಟ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ನುಂಗುತ್ತಿದ್ದರು. ಗುಣ ನಿಧಾನವಾಗಿತ್ತು, ಆದರೆ ಕಾಣುತ್ತಿತ್ತು. ಅಷ್ಟರಲ್ಲಿ ಪರಿಚಯದವರೊಬ್ಬರು ಗಿಡಮೂಲಿಕೆ ಸಂಶೋಧನೆ ನಡೆಯುವ ಜಾಗವೆಂದು ಒಂದು ಕಡೆ ಕರೆದೊಯ್ದರು.

ಅಲ್ಲಿ ಸಂಶೋಧನೆಯ ಕುರುಹು ಎಂದರೆ ಬಾಗಿಲ ಮೇಲಿನ ಫಲಕ, ಮತ್ತು ಹೆಸರು, ಊರು, ಕೊಟ್ಟ ಹಣ ಬರೆದುಕೊಳ್ಳುವ ಗೆರೆ ಪುಸ್ತಕ. ಒಪ್ಪಿಗೆ ಪತ್ರವಿಲ್ಲ, ರಕ್ತಪರೀಕ್ಷೆಯಿಲ್ಲ. ‘ಇಂಗ್ಲಿಷ್ ಮಾತ್ರೆ ನಿಲ್ಲಿಸಿ, ಇಲ್ಲವಾದರೆ ಬೇರಿನ ಗುಣ ಮೈಗೆ ಹತ್ತುವುದಿಲ್ಲ’ ಎಂದರು. ಲೇಬಲ್ ಇಲ್ಲದ ಡಬ್ಬಿಯಲ್ಲಿ ಕಂದು ಪುಡಿ. ಏನೇನು ಹಾಕಿದ್ದೀರಿ ಎಂದು ಕೇಳಿದ್ದಕ್ಕೆ ಅಶ್ವಗಂಧ, ಅಮೃತಬಳ್ಳಿ, ಉಳಿದದ್ದು ಗುರುಗಳ ಗುಟ್ಟು ಎಂಬ ಉತ್ತರ.

ಎರಡು ಮೂರು ದಿನದಲ್ಲೇ ನೋವು ಮಾಯ. ಬೆರಳು ಮಡಚಲಾಗದ ಅತ್ತಿಗೆ ಒದ್ದೆ ಹೊದಿಕೆಯನ್ನು ಹಿಂಡಿ ತೋರಿಸಿದರು. ಬರಬರುತ್ತ ಮುಖ ಊದಿ ಗುಂಡಗಾಯಿತು, ಸಕ್ಕರೆ ಏರಿತು. ಪುಡಿ ಮುಗಿದು, ಅದನ್ನು ಕೊಟ್ಟ ಮನುಷ್ಯ ಫೋನ್ ಎತ್ತುವುದನ್ನೂ ಬಿಟ್ಟಾಗ ವಾಂತಿ, ತಲೆಸುತ್ತು. ರಕ್ತದೊತ್ತಡ ಕುಸಿದು ಆಸ್ಪತ್ರೆ ಸೇರಿದರು. ರಕ್ತದಲ್ಲಿ ಬೆಳಗಿನ ಕಾರ್ಟಿಸಾಲ್, ಅಂದರೆ ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಹಾರ್ಮೋನು, ತೀರಾ ಕಡಿಮೆ ಇತ್ತು. ಪುಡಿಯಲ್ಲಿ ಊತ, ನೋವನ್ನು ಬೇಗ ಇಳಿಸುವ ಸ್ಟೀರಾಯ್ಡ್ ಔಷಧ ಬೆರೆಸಿರಬೇಕು, ಹೊರಗಿನಿಂದ ಅದು ಬರುತ್ತಿದ್ದರೆ ದೇಹ ತಾನು ತಯಾರಿಸುವುದನ್ನು ನಿಲ್ಲಿಸಿಬಿಡುತ್ತದೆ ಎಂದರು ವೈದ್ಯರು. ಮೆಥೊಟ್ರೆಕ್ಸೇಟ್‌ಗೇ ಪರಿಣಾಮ ತೋರಲು ವಾರಗಟ್ಟಲೆ ಬೇಕು. ಮೂರು ದಿನದಲ್ಲಿ ಆಮವಾತ ಇಳಿಸುವ ಬೇರು ಯಾವುದಪ್ಪಾ?

ಗಿಡಮೂಲಿಕೆಗಳ ಮೇಲೆ ನನಗೇನೂ ಹಗೆಯಿಲ್ಲ. ಕೊಯಮತ್ತೂರಿನಲ್ಲಿ ಆಯುರ್ವೇದ ಚಿಕಿತ್ಸೆಯನ್ನು ಮೆಥೊಟ್ರೆಕ್ಸೇಟ್ ಜೊತೆಗೆ ಹೋಲಿಸಿ ನೋಡಿದ್ದಾರೆ. 43 ರೋಗಿಗಳ ಆ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಯಾರಿಗೆ ಯಾವ ಔಷಧ ಎಂಬುದನ್ನು ರೋಗಿಗಳಿಂದ ಮುಚ್ಚಿಟ್ಟು ನಡೆಸಿದ ಪರೀಕ್ಷೆ ಅದು, ಚಿಕ್ಕದಾದರೂ ಕ್ರಮಬದ್ಧ. ಗಿಡ ಎಂದ ಮಾತ್ರಕ್ಕೆ ನಿರಪಾಯವೂ ಅಲ್ಲ: ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿನ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬೈ ವೈದ್ಯರು ದಾಖಲಿಸಿದ್ದಾರೆ.

ಯಾರಾದರೂ ‘ಪ್ರಯೋಗ’ ಎಂದರೆ ದೇಶದಲ್ಲಿ ನಡೆಯುವ ವೈದ್ಯಕೀಯ ಪ್ರಯೋಗಗಳ ಸರ್ಕಾರಿ ದಾಖಲೆಯಾದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದ ನೋಂದಣಿ ಸಂಖ್ಯೆ ಕೇಳಿ. ಆಯುರ್ವೇದದ ಪ್ರಯೋಗಗಳೂ ಅಲ್ಲಿ ದಾಖಲಾಗುತ್ತವೆ, ಯಾರು ಬೇಕಾದರೂ ಅಂತರ್ಜಾಲದಲ್ಲಿ ಹುಡುಕಬಹುದು. ಪ್ರಯೋಗಕ್ಕೆ ಒಳಗಾಗುವವರ ಹಿತ ಕಾಯುವ ನೈತಿಕ ಸಮಿತಿಯ ಒಪ್ಪಿಗೆಯ ವಿವರ, ನಿಮ್ಮ ಭಾಷೆಯಲ್ಲಿ ಒಪ್ಪಿಗೆ ಪತ್ರ, ಅದರ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಪರೀಕ್ಷಿಸುತ್ತಿರುವ ಔಷಧಕ್ಕೆ ನಿಮ್ಮಿಂದಲೇ ಹಣ ಕೀಳುವುದು ಪ್ರಯೋಗವಲ್ಲ, ವ್ಯಾಪಾರ.

ಇಂಥ ಪುಡಿ ಈಗಾಗಲೇ ತಿನ್ನುತ್ತಿದ್ದರೆ ಗಾಬರಿಯಿಂದ ಒಮ್ಮೆಲೇ ಬಿಡಬೇಡಿ. ಉಳಿದ ಪುಡಿಯನ್ನು ಡಬ್ಬಿಸಮೇತ ತೆಗೆದುಕೊಂಡು ಅಂದೇ ವೈದ್ಯರ ಬಳಿ ಹೋಗಿ.