ಓಲ್ಡ್ ಸ್ಕೂಲ್ ರೂನ್‌ಸ್ಕೇಪ್: ಲೆಕ್ಕಕ್ಕೆ ಸಿಗುವ ಕತ್ತಿಗಳು

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಸಾಹಸದ ಆಟವನ್ನು ನಾನು ಕೆಲವು ವರ್ಷಗಳಿಂದ, ಚಂದಾ ಕಟ್ಟದೆ, ಉಚಿತ ವರ್ಲ್ಡ್‌ಗಳಲ್ಲಿ (ಸರ್ವರ್‌ಗಳಲ್ಲಿ) ಮಾತ್ರ ಆಡುತ್ತಿದ್ದೇನೆ. 2007ರ ಆಗಸ್ಟ್ ತಿಂಗಳ ಹಳೆಯ ಪ್ರತಿಯೊಂದನ್ನು ಆಧಾರವಾಗಿಟ್ಟುಕೊಂಡು ಜಾಗೆಕ್ಸ್ ಸಂಸ್ಥೆ 2013ರಲ್ಲಿ ಹೊರತಂದ ಈ ಆಟದ ಚಿತ್ರಗಳು, ಸಂಗೀತ, ಕಥೆಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನನ್ನು ಹಿಡಿದಿಟ್ಟಿರುವುದು ಬೇರೆಯೇ ಒಂದು ಗುಣ. ಇಲ್ಲಿ ಯಾವ ಆಯುಧ ಎಷ್ಟು ಪೆಟ್ಟು ಕೊಡುತ್ತದೆ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು, ಹಾಕಿದ ಲೆಕ್ಕ ಆಟದಲ್ಲಿ ತಾಳೆಯಾಗುತ್ತದೆ.

ಉಚಿತ ಆಟಗಾರರಿಗೆ ರೂನ್ ಲೋಹದ ಕತ್ತಿಗಳೇ ಮೇಲ್ಮಿತಿ. ಅವುಗಳಲ್ಲಿ ಸಿಮಿಟರ್ ಎಂಬ ಬಾಗಿದ ಕತ್ತಿಯ ಸ್ಟ್ರೆಂತ್ ಬೋನಸ್, ಅಂದರೆ ಪೆಟ್ಟಿನ ಬಲಕ್ಕೆ ಆಯುಧ ಸೇರಿಸುವ ಅಂಕ, 44, ಲಾಂಗ್‌ಸೋರ್ಡ್‌ನದು 49, ಎರಡು ಕೈಯಲ್ಲಿ ಹಿಡಿಯುವ ಟೂ-ಹ್ಯಾಂಡೆಡ್ ಸೋರ್ಡ್‌ನದು 70. ಹೊಸಬರು ಈ ಮೂರು ಅಂಕಿಗಳನ್ನು ನೋಡಿ ಕೊನೆಯದನ್ನೇ ಆರಿಸಿಕೊಳ್ಳುವುದು ಸಹಜ. ಆದರೆ ಆಟದ ಕಾಲವು 0.6 ಸೆಕೆಂಡಿನ ಟಿಕ್‌ಗಳಲ್ಲಿ ಸಾಗುತ್ತದೆ; ಸಿಮಿಟರ್ 4 ಟಿಕ್‌ಗೊಮ್ಮೆ, ಲಾಂಗ್‌ಸೋರ್ಡ್ 5 ಟಿಕ್‌ಗೊಮ್ಮೆ, ದೊಡ್ಡ ಕತ್ತಿ 7 ಟಿಕ್‌ಗೊಮ್ಮೆ ಬೀಸುತ್ತದೆ.

ಬೆಳಿಗ್ಗೆ ತುಮಕೂರಿನಿಂದ ಯಶವಂತಪುರಕ್ಕೆ ಹೋಗುವ ರೈಲಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕ ದಿನ ನಾನು ಮೊದಲು ತೆಗೆಯುವುದು ಫೋನನ್ನಲ್ಲ, ಚಿಕ್ಕದೊಂದು ನೋಟ್‌ಪುಸ್ತಕವನ್ನು. ಸೂತ್ರ ಸರಳವಾಗಿದೆ. ಸ್ಟ್ರೆಂತ್ ಲೆವೆಲ್‌ಗೆ, ಅಂದರೆ ಆಟಗಾರನ ಬಲದ ಮಟ್ಟಕ್ಕೆ, 8 ಕೂಡಿಸಬೇಕು, ಹೊಡೆಯಲು ಅಗ್ರೆಸಿವ್ ಎಂಬ ಶೈಲಿಯನ್ನು ಆರಿಸಿದ್ದರೆ ಇನ್ನೂ 3 ಕೂಡಿಸಬೇಕು. ಬಂದ ಮೊತ್ತವನ್ನು, 64 ಸೇರಿಸಿದ ಸ್ಟ್ರೆಂತ್ ಬೋನಸ್‌ನಿಂದ ಗುಣಿಸಿ, 640ರಿಂದ ಭಾಗಿಸಿ, ಅರ್ಧ ಕೂಡಿಸಿ, ದಶಾಂಶವನ್ನು ಬಿಟ್ಟುಬಿಡಬೇಕು. ಉಳಿದದ್ದು ಗರಿಷ್ಠ ಪೆಟ್ಟು. ಬಲ ಹೆಚ್ಚಿಸುವ ಪ್ರೇಯರ್ (ಪ್ರಾರ್ಥನೆ), ಪಾನೀಯಗಳ ನೆರವಿಲ್ಲದೆ, ಅಗ್ರೆಸಿವ್ ಶೈಲಿಯಲ್ಲಿ, 60ನೇ ಲೆವೆಲ್‌ನಲ್ಲಿ ಸಿಮಿಟರ್‌ಗೆ 12, ಲಾಂಗ್‌ಸೋರ್ಡ್‌ಗೆ 13, ದೊಡ್ಡ ಕತ್ತಿಗೆ 15 ಬರುತ್ತದೆ. ತಗುಲಿದ ಪೆಟ್ಟು ಸರಾಸರಿ ಇದರ ಅರ್ಧದಷ್ಟಿರುತ್ತದೆ ಎಂದಿಟ್ಟುಕೊಂಡು, ಪ್ರತಿ ಬೀಸೂ ತಗುಲಿತೆಂದುಕೊಂಡರೆ, ಒಂದು ನಿಮಿಷದಲ್ಲಿ ಸಿಮಿಟರ್ 150, ಲಾಂಗ್‌ಸೋರ್ಡ್ 130, ದೊಡ್ಡ ಕತ್ತಿ ಬರೀ 107ರಷ್ಟು ಹಾನಿ ಮಾಡುತ್ತವೆ. ಬೋನಸ್‌ನ ಕ್ರಮ ಇಲ್ಲಿ ಪೂರ್ತಿ ತಲೆಕೆಳಗಾಗುವುದನ್ನು ನೋಡಿದಾಗ ನನಗಾಗುವ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ.

ದೊಡ್ಡ ಕತ್ತಿಯ ಗುರಿ ಹೆಚ್ಚು ನಿಖರವಲ್ಲವೇ ಎಂದು ಕೇಳಬಹುದು. ಅದರ ಸ್ಲ್ಯಾಷ್ ಬೋನಸ್, ಅಂದರೆ ಬೀಸಿ ಹೊಡೆಯುವಾಗಿನ ಗುರಿಯ ಅಂಕ, 69, ಸಿಮಿಟರ್‌ನದು 45. ಗುರಿಯ ಲೆಕ್ಕದಲ್ಲಿಯೂ ಎರಡಕ್ಕೂ 64 ಕೂಡುವುದರಿಂದ 133ಕ್ಕೂ 109ಕ್ಕೂ ಇರುವ ಅನುಪಾತವೇ ಅದಕ್ಕೆ ಸಿಗುವ ಅನುಕೂಲದ ಗರಿಷ್ಠ ಮಿತಿ, ಅಂದರೆ ಸುಮಾರು ಶೇಕಡಾ 22. ಎದುರಾಳಿಯ ರಕ್ಷಣೆ ಎಷ್ಟೇ ಗಟ್ಟಿಯಿರಲಿ, 107ಕ್ಕೆ ಅಷ್ಟನ್ನು ಸೇರಿಸಿದರೂ 131 ದಾಟುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಸೊಗಸಿರುವುದು ಆ ಬಿಟ್ಟುಬಿಡುವ ದಶಾಂಶದಲ್ಲಿ. ಸಿಮಿಟರ್ ಒಂದನ್ನೇ ಹಿಡಿದವನ ಗರಿಷ್ಠ ಪೆಟ್ಟು 58ನೇ ಲೆವೆಲ್‌ನಲ್ಲಿ 12 ಆದರೆ 63ರವರೆಗೂ ಅಲ್ಲೇ ನಿಲ್ಲುತ್ತದೆ. 64ಕ್ಕೆ ಒಮ್ಮೆಲೇ 13 ಆಗುತ್ತದೆ. ಕೊರಳಿಗೆ ಯಾವ ತಾಯಿತ ಎಂಬ ಪ್ರಶ್ನೆಯೂ ಹೀಗೆಯೇ ತೀರ್ಮಾನವಾಗುತ್ತದೆ. ಅಮ್ಯುಲೆಟ್ ಆಫ್ ಸ್ಟ್ರೆಂತ್ ಬಲಕ್ಕೆ 10 ಕೊಡುತ್ತದೆ, ಅಮ್ಯುಲೆಟ್ ಆಫ್ ಪವರ್ ಕೊಡುವುದು 6 ಮಾತ್ರ. ಆದರೂ 60ನೇ ಲೆವೆಲ್‌ನಲ್ಲಿ ಸಿಮಿಟರ್ ಜೊತೆ ಎರಡರಲ್ಲೂ ಗರಿಷ್ಠ ಪೆಟ್ಟು 13 ಬರುವುದರಿಂದ, ಗುರಿಗೂ ರಕ್ಷಣೆಗೂ ತಲಾ 6 ಕೊಡುವ ಪವರ್ ತಾಯಿತವೇ ಲಾಭ. 63ಕ್ಕೆ ಬಂದಾಗ ಸ್ಟ್ರೆಂತ್ ತಾಯಿತ 14 ಮುಟ್ಟುತ್ತದೆ, ಪವರ್ 13ರಲ್ಲೇ ಉಳಿಯುತ್ತದೆ; 65ಕ್ಕೆ ಮತ್ತೆ ಎರಡೂ ಸಮ. ಲೆವೆಲ್ ಏರಿದ ದಿನ ತಾಯಿತ ಬದಲಿಸಬೇಕೋ ಬೇಡವೋ ಎಂದು ನೋಡಿಕೊಳ್ಳುವುದು ನನಗೆ ಪಂಚಾಂಗ ತೆರೆದಷ್ಟೇ ಅಭ್ಯಾಸವಾಗಿದೆ. ಆಟದ ವಿಕಿಯಲ್ಲಿ ಇದನ್ನೆಲ್ಲ ಮಾಡಿಕೊಡುವ ಗಣಕವಿದೆ, ಅದು ಚೆನ್ನಾಗಿಯೂ ಇದೆ. ಆದರೂ ನಾನು ಕೈಯಲ್ಲೇ ಗುಣಿಸುತ್ತೇನೆ.

ಇಷ್ಟೆಲ್ಲ ಹೊಗಳಿದ ಮೇಲೂ ನಿಮಿಷದ ಲೆಕ್ಕವೊಂದನ್ನೇ ನಂಬಿಕೊಳ್ಳುವುದು ಸರಿಯಲ್ಲ. 8 ಪ್ರಾಣಾಂಕದ ಹಸುವಿಗೆ 12ರ ಪೆಟ್ಟು ಬಿದ್ದರೂ ಇಳಿಯುವುದು 8 ಮಾತ್ರ, ಉಳಿದದ್ದು ವ್ಯರ್ಥ. ಸರಾಸರಿಯಲ್ಲಿ ಆ ವ್ಯರ್ಥ ಕಾಣಿಸುವುದಿಲ್ಲ. 60ನೇ ಲೆವೆಲ್‌ನ ಆಟಗಾರರ ನಡುವಿನ ಕಾಳಗದಲ್ಲಿ ಎದುರಾಳಿಗೆ 14 ಪ್ರಾಣಾಂಕ ಉಳಿದಿದ್ದಾಗ ಬರಿಯ ಸಿಮಿಟರ್ ಹಿಡಿದವನು ಒಂದೇ ಏಟಿಗೆ ಮುಗಿಸಲಾರ, ದೊಡ್ಡ ಕತ್ತಿಯವನು ಮುಗಿಸಬಲ್ಲ. ಸಿಮಿಟರ್‌ನಿಂದ ಹೋರಾಡಿ ಕೊನೆಯ ಏಟಿಗೆ ದೊಡ್ಡ ಕತ್ತಿ ತೆಗೆಯುವವರು ಮೂರ್ಖರೇನಲ್ಲ. ನಿಮಿಷದ ಲೆಕ್ಕದಲ್ಲಿ ಸೋತ ಆಯುಧಕ್ಕೂ ತನ್ನದೇ ಗಳಿಗೆಯೊಂದಿದೆ ಎಂಬುದನ್ನು ಹೋಲಿಕೆಯ ಪಟ್ಟಿಗಳು ಹೇಳದೆ ಬಿಡುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಚಂದಾದ ವಿಷಯಕ್ಕೆ ಬಂದರೆ, ಚಂದಾದಾರರಿಗೆ ಮಾತ್ರ ಸಿಗುವ ಡ್ರ್ಯಾಗನ್ ಸಿಮಿಟರ್‌ನ ಸ್ಟ್ರೆಂತ್ ಬೋನಸ್ 66, ವೇಗ ಅದೇ 4 ಟಿಕ್. ಅದೇ 60ನೇ ಲೆವೆಲ್‌ಗೆ ನನ್ನ ಸೂತ್ರದಲ್ಲಿ ಅದರ ಗರಿಷ್ಠ ಪೆಟ್ಟು 14, ನಿಮಿಷಕ್ಕೆ 175. ಹಿಡಿಯಲು ಅಟ್ಯಾಕ್ ಲೆವೆಲ್ 60 ಇರಬೇಕು, ಮಂಕಿ ಮ್ಯಾಡ್ನೆಸ್ ಎಂಬ ಉದ್ದನೆಯ ಕ್ವೆಸ್ಟ್ (ಕಥೆಯುಳ್ಳ ಸಾಹಸ) ಮುಗಿದಿರಬೇಕು. ತಿಂಗಳ ಕೊನೆಗೆ ರೈಲಿನ ಪಾಸು, ಮನೆ ಬಾಡಿಗೆ ಕಳೆದು ಉಳಿಯುವ ಹಣದಲ್ಲಿ, ನಿಮಿಷಕ್ಕೆ 25 ಹೆಚ್ಚಿನ ಹಾನಿಗಾಗಿ ಪ್ರತಿ ತಿಂಗಳೂ ಕೊಡಲು ನನಗೆ ಮನಸ್ಸಾಗದು. ಹೊಸ ಪ್ರದೇಶಗಳನ್ನು ಸುತ್ತುವ ಆಸೆಯಿರುವವರ ಮಾತು ಬೇರೆ.

ಹಿರೇಹಳ್ಳಿ ದಾಟಿದ ಮೇಲೆ ನನ್ನ ಫೋನಿನ ಸಿಗ್ನಲ್ ತಗ್ಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬೆರಳು ಆಡಿಸಬೇಕಾದ ಆಟಗಳು ಅಲ್ಲಿ ಕೆಲಸಕ್ಕೆ ಬಾರವು. ಇಲ್ಲಿ ಮಾತ್ರ ಒಮ್ಮೆ ಎದುರಾಳಿಯನ್ನು ಮುಟ್ಟಿದರೆ ಸಾಕು, ಬೀಸುಗಳನ್ನು ಸರ್ವರ್ ತಾನೇ ಟಿಕ್‌ಗೆ ಸರಿಯಾಗಿ ಎಣಿಸುತ್ತ ಹೋಗುತ್ತದೆ. ಚಿತ್ರ ತುಸು ತಡವಾಗಿ ಬಂದರೂ ನಿಮಿಷಕ್ಕೆ 25 ಬೀಸು 25 ಆಗಿಯೇ ಉಳಿಯುತ್ತದೆ. ಸಂಪರ್ಕ ಪೂರ್ತಿ ಕಡಿದರೆ ಇಂಥ ಯಾವ ಆಟವೂ ಮುಂದೆ ಸಾಗದು, ಇದೂ ಅಷ್ಟೇ. ಆಗ ನಾನು ಫೋನನ್ನು ಜೇಬಿಗಿಟ್ಟು, ಮುಂದೆ 68ನೇ ಲೆವೆಲ್‌ನಲ್ಲಿ ಸ್ಟ್ರೆಂತ್ ತಾಯಿತ ಕೊಡಲಿರುವ 15ರ ಲೆಕ್ಕವನ್ನು ಇನ್ನೊಮ್ಮೆ ಪರಿಶೀಲಿಸುತ್ತೇನೆ.