ಚಗಳಿಯ ರೋಮಕ್ಕೊಂದು, ಗುಲಗಂಜಿಯ ನುಣುಪಿಗೊಂದು: ಫೋಕಸ್ ಸ್ಟ್ಯಾಕಿಂಗ್ ಸಾಫ್ಟ್‌ವೇರ್ ಆರಿಸುವ ಬಗೆ

ಮ್ಯಾಕ್ರೊ ಲೆನ್ಸನ್ನು 1:1ಕ್ಕೆ (ವಸ್ತು ಸೆನ್ಸರಿನ ಮೇಲೆ ತನ್ನ ಗಾತ್ರದಲ್ಲೇ ಬೀಳುವಂತೆ) ಇಟ್ಟು ಎಫ್/5.6ರಲ್ಲಿ (ಲೆನ್ಸಿನ ಕಿಂಡಿಯ ಅಳತೆ; ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಗುಲಗಂಜಿಯ ಚಿತ್ರ ತೆಗೆದರೆ ಸ್ಪಷ್ಟವಾಗಿ ಬರುವುದು ಹೆಚ್ಚೆಂದರೆ ಅರ್ಧ ಮಿಲಿಮೀಟರ್ ಆಳ. ಎಫ್/16ಕ್ಕೆ ಇಳಿಸಿ ನೋಡೋಣವೆಂದರೆ, 1:1ರಲ್ಲಿ ಅದು ಎಫ್/32ರ ಹಾಗೆ ಕೆಲಸ ಮಾಡುತ್ತದೆ. ಡಿಫ್ರಾಕ್ಷನ್‌ನಿಂದ, ಅಂದರೆ ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ, ಇಡೀ ಚಿತ್ರವೇ ಮಂಕಾಗುತ್ತದೆ. ಹಾಗಾಗಿ ಫೋಕಸನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಹಲವು ಚಿತ್ರ ತೆಗೆದು, ಒಂದೊಂದರ ಸ್ಪಷ್ಟ ಭಾಗವನ್ನಷ್ಟೇ ಕೂಡಿಸಬೇಕು. ಇದೇ ಫೋಕಸ್ ಸ್ಟ್ಯಾಕಿಂಗ್. ಕೂಡಿಸುವ ಸಾಫ್ಟ್‌ವೇರುಗಳಲ್ಲಿ ಗಂಭೀರವಾಗಿ ಪರಿಗಣಿಸಬೇಕಾದವು ಎರಡು: ಹೆಲಿಕಾನ್ ಫೋಕಸ್ ಮತ್ತು ಜೆರೀನ್ ಸ್ಟ್ಯಾಕರ್. ಯಾವುದು ಮೇಲು ಎಂದು ಕೇಳುವ ಮೊದಲು ನೀವು ತೆಗೆಯುವ ವಸ್ತುವಿನ ಮೈ ಎಂಥದ್ದು ಎಂದು ನೋಡಿಕೊಳ್ಳಿ. ಆಯ್ಕೆ ನಿಂತಿರುವುದು ಅದರ ಮೇಲೆ.

ಚಟ್ನಿಗೆ ಹೆಸರಾದ ಮಲೆನಾಡಿನ ಚಗಳಿ ಇರುವೆಯ ತಲೆಯನ್ನೇ ತೆಗೆದುಕೊಳ್ಳಿ. ಮೀಸೆಯೊಂದು ಕಣ್ಣಿನ ಮುಂದೆ ಅಡ್ಡ ಹಾದಿರುತ್ತದೆ, ಹಿಂದೆ ಸಣ್ಣ ರೋಮಗಳಿರುತ್ತವೆ. ಡೆಪ್ತ್ ಮ್ಯಾಪ್ ವಿಧಾನ (ಜೆರೀನ್‌ನಲ್ಲಿ ಡಿಮ್ಯಾಪ್, ಹೆಲಿಕಾನ್‌ನಲ್ಲಿ ಬಿ) ಪ್ರತಿ ಬಿಂದುವೂ ಯಾವ ಫ್ರೇಮಿನಲ್ಲಿ (ಬಿಡಿ ಚಿತ್ರದಲ್ಲಿ) ಸ್ಪಷ್ಟವಾಗಿದೆ ಎಂದು ಲೆಕ್ಕ ಹಾಕಿ, ಅದಕ್ಕೊಂದು ಆಳ ಗೊತ್ತುಮಾಡುತ್ತದೆ. ಮೀಸೆಯ ಅಂಚಿನಲ್ಲಿ ಆಳ ಥಟ್ಟನೆ ಬದಲಾಗುವುದರಿಂದ ಅಲ್ಲಿ ಎಡವುತ್ತದೆ. ಮೀಸೆಯ ಸುತ್ತ ಮಬ್ಬು ಪ್ರಭಾವಳಿ ಉಳಿದುಬಿಡುತ್ತದೆ. ಪಿರಮಿಡ್ ವಿಧಾನ (ಜೆರೀನ್‌ನಲ್ಲಿ ಪಿಮ್ಯಾಕ್ಸ್, ಹೆಲಿಕಾನ್‌ನಲ್ಲಿ ಸಿ) ಚಿತ್ರವನ್ನು ದಪ್ಪ ವಿವರ, ಸಣ್ಣ ವಿವರ ಎಂದು ಪದರ ಪದರವಾಗಿ ಬಿಡಿಸಿ, ಪ್ರತಿ ಪದರದಲ್ಲೂ ಹೆಚ್ಚು ಕಾಂಟ್ರಾಸ್ಟ್ (ಬೆಳಕು ನೆರಳಿನ ವ್ಯತ್ಯಾಸ) ಇರುವುದನ್ನು ಆರಿಸುತ್ತದೆ. ಒಂದರ ಮೇಲೊಂದು ಹಾದ ರೋಮಗಳು ಇದರಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ.

ಗುಲಗಂಜಿಗೆ ಬಂದರೆ ಇದೇ ಗುಣ ಮುಳುವಾಗುತ್ತದೆ. ಆ ನುಣುಪಾದ ಕೆಂಪು ಮೈಯಲ್ಲಿ ಹಿಡಿಯಲು ವಿವರವೇ ಇಲ್ಲ. ಕಾಂಟ್ರಾಸ್ಟ್ ಹುಡುಕುವ ಪಿರಮಿಡ್ ಪ್ರತಿ ಫ್ರೇಮಿನ ನಾಯ್ಸನ್ನೇ (ಬೇಡದ ಸಣ್ಣ ಚುಕ್ಕಿಗಳನ್ನೇ) ವಿವರವೆಂದು ಹೆಕ್ಕಿ ತರುತ್ತದೆ, ಕಾಳಿನ ಮೇಲೆ ಸಣ್ಣ ಮರಳು ಉದುರಿಸಿದಂತೆ ಕಾಣುತ್ತದೆ. ಬಣ್ಣದ ನಯವೂ ಕೆಡುತ್ತದೆ. ಬೀಜ, ನಾಣ್ಯ, ಹರಳುಗಳಂಥ ನುಣುಪು ಮೈಗೆ ಡೆಪ್ತ್ ಮ್ಯಾಪ್ ಸರಿ. ಜೆರೀನ್‌ನ ಡಿಮ್ಯಾಪ್ ಕೆಲಸದ ನಡುವೆ ನಿಂತು ಕಾಂಟ್ರಾಸ್ಟ್ ಮಿತಿಯ ಸ್ಲೈಡರ್ ತೋರಿಸುತ್ತದೆ. ಸರಿಸಿದಂತೆಲ್ಲ ಕೆಲವು ಭಾಗ ಕಪ್ಪಾಗುತ್ತವೆ, ಅಂದರೆ ಅಲ್ಲಿನ ಲೆಕ್ಕವನ್ನು ನಂಬುವುದಿಲ್ಲ ಎಂದರ್ಥ. ಬರಿಯ ಹಿನ್ನೆಲೆ ಕಪ್ಪಾಗಿ, ವಸ್ತುವಿನ ವಿವರವೆಲ್ಲ ಉಳಿಯುವ ಕಡೆ ನಿಲ್ಲಿಸಿ. ಹೆಲಿಕಾನ್‌ನಲ್ಲಿ ಇದೇ ಕೆಲಸವನ್ನು ರೇಡಿಯಸ್ ಮತ್ತು ಸ್ಮೂತಿಂಗ್ ಎಂಬ ಎರಡು ಅಂಕಿಗಳಿಂದ ಮಾಡಬೇಕು. ರೇಡಿಯಸ್ ಹೆಚ್ಚಿಸಿದರೆ ನಾಯ್ಸ್ ತಗ್ಗುತ್ತದೆ, ಆದರೆ ಅಂಚಿನ ಪ್ರಭಾವಳಿ ಅಗಲವಾಗುತ್ತದೆ. ಸ್ಮೂತಿಂಗ್ ತೀರ ಕಡಿಮೆಯಾದರೆ ಫ್ರೇಮ್ ಬದಲಾಗುವ ಕಡೆ ಒರಟು ಗೆರೆ ಮೂಡುತ್ತದೆ. ರೇಡಿಯಸ್ 8, ಸ್ಮೂತಿಂಗ್ 4ರಿಂದ ಶುರುಮಾಡಿ ಒಮ್ಮೆಗೆ ಒಂದನ್ನಷ್ಟೇ ಬದಲಿಸಿ.

ಎರಡೂ ವಿಧಾನ ಎರಡರಲ್ಲೂ ಇರುವಾಗ ವ್ಯತ್ಯಾಸ ಎಲ್ಲಿ? ಹೆಲಿಕಾನ್ ಉಕ್ರೇನಿನ ಖಾರ್ಕಿವ್ ನಗರದ ಕಂಪನಿಯದು. ಗ್ರಾಫಿಕ್ಸ್ ಕಾರ್ಡ್ ಬಳಸಿಕೊಳ್ಳುವುದರಿಂದ ಬೇಗ ಮುಗಿಸುತ್ತದೆ. ರಾ ಫೈಲುಗಳನ್ನು (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಫೈಲು) ನೇರ ತೆರೆಯುತ್ತದೆ. ಪ್ರೊ ಲೈಸೆನ್ಸಿನಲ್ಲಿ ಫಲಿತಾಂಶವನ್ನೂ ಡಿಎನ್‌ಜಿ (ರಾ ಬಗೆಯದೇ ಫೈಲು) ಆಗಿ ಪಡೆಯಬಹುದು, ಅಂದರೆ ವೈಟ್ ಬ್ಯಾಲೆನ್ಸನ್ನು (ಬಣ್ಣದ ಹದವನ್ನು) ಸ್ಟ್ಯಾಕ್ ಆದ ಮೇಲೂ ತಿದ್ದಬಹುದು. ದಿನಕ್ಕೆ ಇಪ್ಪತ್ತು ಮೂವತ್ತು ನಾಣ್ಯ, ಒಡವೆ ತೆಗೆದುಕೊಡುವವರಿಗೆ ಇದೇ ಸರಿ.

ಜೆರೀನ್ ಅಮೆರಿಕದ ವಾಷಿಂಗ್ಟನ್ ರಾಜ್ಯದ ರಿಕ್ ಲಿಟಲ್‌ಫೀಲ್ಡ್ ಅವರ ಕೃತಿ. ರಾ ತೆರೆಯುವುದಿಲ್ಲ, ಟಿಫ್ ಅಥವಾ ಜೆಪೆಗ್ ಕೊಡಬೇಕು. ನೋಟವೂ ಹಳೆಯದು. ಆದರೂ ಕೀಟಗಳ ಚಿತ್ರಕ್ಕೆ ನಮ್ಮ ಮತ ಇದಕ್ಕೇ. ಕಾರಣ ರೀಟಚಿಂಗ್, ಅಂದರೆ ಫಲಿತಾಂಶವನ್ನು ಕೈಯಿಂದ ತಿದ್ದುವ ಸೌಲಭ್ಯ. ಡಿಮ್ಯಾಪ್ ಫಲಿತಾಂಶವನ್ನು ಬುನಾದಿಯಾಗಿಟ್ಟು, ಪಿಮ್ಯಾಕ್ಸ್ ಫಲಿತಾಂಶವನ್ನು ಪಕ್ಕದಲ್ಲಿಟ್ಟುಕೊಂಡು, ಮೀಸೆ ಹಾದ ಕಡೆ ಮಾತ್ರ ಬ್ರಷ್ ಎಳೆದರೆ ಸಾಕು. ಪ್ರಭಾವಳಿ ಹೋಗುತ್ತದೆ, ಕಣ್ಣಿನ ಬಣ್ಣ ಡಿಮ್ಯಾಪ್‌ನದೇ ಉಳಿಯುತ್ತದೆ.

ಫ್ರೇಮ್ ಎಷ್ಟು ಬೇಕೆಂಬ ಲೆಕ್ಕ ಸುಲಭ. 1:1, ಎಫ್/5.6ಕ್ಕೆ 0.3 ಮಿ.ಮೀ. ಹೆಜ್ಜೆ (ಒಂದು ಫ್ರೇಮಿನಿಂದ ಮುಂದಿನದಕ್ಕೆ ಫೋಕಸ್ ಸರಿಸುವ ದೂರ), 5 ಮಿ.ಮೀ. ಆಳಕ್ಕೆ 17 ಫ್ರೇಮ್, ಹಿಂದೆ ಮುಂದೆ ಎರಡೆರಡು ಹೆಚ್ಚು. 0.14 ಎನ್‌ಎ (ಲೆನ್ಸ್ ಬೆಳಕು ಹಿಡಿಯುವ ಕೋನದ ಅಳತೆ) ಇರುವ 5ಎಕ್ಸ್ ಮೈಕ್ರೊಸ್ಕೋಪ್ ಆಬ್ಜೆಕ್ಟಿವ್‌ಗೆ 20 ಮೈಕ್ರಾನ್ ಹೆಜ್ಜೆ. ಚಗಳಿಯ ತಲೆಯ 1.5 ಮಿ.ಮೀ. ಆಳಕ್ಕೆ 75. ಇಷ್ಟಾದಾಗ ಎಲ್ಲವನ್ನೂ ಒಟ್ಟಿಗೆ ಕೂಡಿಸದೆ ಹತ್ತರ ಕಂತು ಮಾಡಿ, ಒಂದೊಂದು ಕಂತೂ ಹಿಂದಿನದರ ಕೊನೆಯ ಮೂರನ್ನು ಒಳಗೊಳ್ಳಲಿ: 1ರಿಂದ 10, 8ರಿಂದ 17, ಹೀಗೆ ಹನ್ನೊಂದು ಕಂತು. ಪ್ರತಿ ಕಂತನ್ನೂ ಪಿಮ್ಯಾಕ್ಸ್‌ನಲ್ಲಿ ಕೂಡಿಸಿ, ಬಂದ ಹನ್ನೊಂದು ಚಿತ್ರಗಳನ್ನು ಡಿಮ್ಯಾಪ್‌ನಲ್ಲಿ ಕೂಡಿಸಿ. ನಾಯ್ಸ್ ಕಡಿಮೆ, ರೀಟಚ್ ಮಾಡುವಾಗ 75ರ ಬದಲು ಹನ್ನೊಂದರಲ್ಲೇ ಹುಡುಕಬಹುದು.

ಫೋಟೊಶಾಪ್ ಈಗಾಗಲೇ ಇದ್ದವರು ಇಪ್ಪತ್ತು ಫ್ರೇಮಿನೊಳಗಿನ ಕೆಲಸಕ್ಕೆ ಬೇರೆ ಕೊಳ್ಳಬೇಕಿಲ್ಲ. ಆಟೊ ಅಲೈನ್, ಆಮೇಲೆ ಆಟೊ ಬ್ಲೆಂಡ್‌ನಲ್ಲಿ ಸ್ಟ್ಯಾಕ್ ಇಮೇಜಸ್. ರೋಮ ಬಂದಲ್ಲಿ ಸೋಲುತ್ತದೆ, ವಿಧಾನ ಬದಲಿಸುವ ದಾರಿಯೂ ಇಲ್ಲ. ಅಫಿನಿಟಿ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರಿನ ಫೋಕಸ್ ಮರ್ಜ್ ಮೂಲ ಫ್ರೇಮಿನಿಂದ ತಿದ್ದಲು ಬಿಡುವುದರಿಂದ ಒಂದು ಕೈ ಮೇಲು. ಪುಕ್ಕಟೆ ಬೇಕೆಂದರೆ ವಿಂಡೋಸ್‌ಗೆ ಪಿಕೊಲೇ ಇದೆ.

ಯಂತ್ರದ ಮೆಮೊರಿ ಮರೆಯಬೇಡಿ. 45 ಮೆಗಾಪಿಕ್ಸೆಲ್ ಕ್ಯಾಮೆರಾದ 16 ಬಿಟ್ ಟಿಫ್ ಒಂದಕ್ಕೆ ಸುಮಾರು 270 ಎಂಬಿ, ನೂರಕ್ಕೆ 27 ಜಿಬಿ. ಮೊದಲು ಜೆಪೆಗ್‌ನಲ್ಲಿ ಕೂಡಿಸಿ ನೋಡಿ, ಒಪ್ಪಿದರೆ ಟಿಫ್‌ಗೆ ಹೋಗಿ. ರಾದಿಂದ ಹೊರತೆಗೆಯುವಾಗ ಎಲ್ಲ ಫ್ರೇಮಿಗೂ ಒಂದೇ ವೈಟ್ ಬ್ಯಾಲೆನ್ಸ್, ಒಂದೇ ಎಕ್ಸ್‌ಪೋಶರ್ ಇರಲಿ, ಶಾರ್ಪನಿಂಗ್ ತೀರ ಕಡಿಮೆ ಇರಲಿ.

ಕೆಲವು ದೋಷ ಸಾಫ್ಟ್‌ವೇರಿನದಲ್ಲ. ಸ್ಪಷ್ಟ ಪಟ್ಟೆ, ಮಬ್ಬು ಪಟ್ಟೆ ಸಾಲಾಗಿ ಬಂದರೆ ಹೆಜ್ಜೆ ದೊಡ್ಡದಾಗಿದೆ. ಮತ್ತೆ ತೆಗೆಯುವುದೊಂದೇ ದಾರಿ. ಮೀಸೆ ಎರಡೆರಡು ಕಂಡರೆ ಇರುವೆ ಅಲುಗಿದೆ. ಆ ಫ್ರೇಮುಗಳನ್ನು ಬಿಟ್ಟು ಕೂಡಿಸಿ. ನಡುವಿನಿಂದ ಅಂಚಿನ ಕಡೆಗೆ ಚುಕ್ಕಿಗಳ ಸಾಲೊಂದು ಹೊರಟಿದ್ದರೆ ಅದು ಸೆನ್ಸರಿನ ಮೇಲಿನ ಒಂದೇ ಒಂದು ದೂಳಿನ ಕಣ. ಫೋಕಸ್ ಸರಿದಂತೆ ವಸ್ತುವಿನ ಗಾತ್ರ ಬದಲಾಗುತ್ತದೆ. ಸಾಫ್ಟ್‌ವೇರ್ ಪ್ರತಿ ಫ್ರೇಮನ್ನೂ ಹಿಗ್ಗಿಸಿ ಕುಗ್ಗಿಸಿ ಹೊಂದಿಸುವಾಗ, ಕದಲದೆ ಕೂತಿದ್ದ ಕಣ ಪ್ರತಿ ಸಲವೂ ಬೇರೆ ಜಾಗಕ್ಕೆ ಬೀಳುತ್ತದೆ. ಹೆಲಿಕಾನ್ ಪ್ರೊದಲ್ಲಿ ಇದಕ್ಕೆಂದೇ ಡಸ್ಟ್ ಮ್ಯಾಪ್ ಇದೆ: ಬಿಳಿ ಕಾಗದವನ್ನು ಫೋಕಸ್ ತಪ್ಪಿಸಿ ತೆಗೆದ ಚಿತ್ರವೊಂದನ್ನು ಕೊಟ್ಟರೆ ಕಣಗಳ ಜಾಗ ಗುರುತಿಸಿ ಅಳಿಸುತ್ತದೆ. ಜೆರೀನ್ ಬಳಸುವವರು ಕೆಲಸ ಶುರುಮಾಡುವ ಮೊದಲೇ ಸೆನ್ಸರ್ ಒರೆಸಿಕೊಳ್ಳಲಿ.